ಹೊಳೆಯಲ್ಲಿ ನಿಂತ ಹುಡುಗಿ

ಮೇಘಾ: (ಚಿತ್ರ: ಕೈಯಲ್ಲಿ ಎಲೆ ಹಿಡಿದು ಹೊಳೆಯಲ್ಲಿ ನಿಂತ ಹುಡುಗಿ, ಸುತ್ತ ಕೆಂಪು ಮರಗಳು) ಟೆಕ್ಸಾಸ್‌ನ ಗ್ವಾಡಲೂಪ್ ಪರ್ವತಗಳ ಮೆಕಿಟ್ರಿಕ್ ಕಣಿವೆ. ನವೆಂಬರ್ ಮೊದಲ ಶನಿವಾರ ಎಲ್ಲರೂ ಹೋಗೋಣವೇ? ನನಗೂ ಇಂಥದ್ದೇ ಒಂದು ಚಿತ್ರ ಬೇಕು.

ಅಜ್ಜಿ: ಮರಳುಗಾಡು ಎನ್ನುತ್ತೀರಿ, ಇಷ್ಟು ಕೆಂಪು ಎಲೆ ಎಲ್ಲಿಂದ ಬಂತು? ಯಾರೋ ಬಣ್ಣ ಬಳಿದಿದ್ದಾರೆ.

ಶ್ರೀಧರ: ಅತ್ತೆಯವರು ಹೇಳುವುದೇ ಸರಿ. ಎಂಟು ಗಂಟೆ ಕಾರು ಓಡಿಸಿ ಕಳ್ಳಿಗಿಡ ನೋಡಿಕೊಂಡು ಬರಬೇಕಾದೀತು.

ಗಿರೀಶ: ಬಣ್ಣ ನಿಜ ಭಾವ, ತುಸು ಏರಿಸಿದ್ದಾರೆ ಅಷ್ಟೆ. ಅದು ಬಿಗ್‌ಟೂತ್ ಮೇಪಲ್. ಹಿಮಯುಗದ ತಂಪಿನಲ್ಲಿ ಹಬ್ಬಿದ್ದ ಮರ. ಸುತ್ತಲಿನ ನೆಲ ಒಣಗುತ್ತ ಬಂದಂತೆ, ಎತ್ತರದ ಬಂಡೆಯ ನೆರಳೂ ಒರತೆಯ ನೀರೂ ಇರುವ ಇಂಥ ಕಣಿವೆಗಳಲ್ಲಿ ಉಳಿದುಕೊಂಡಿತು. ನನ್ನ ತಕರಾರು ಬಣ್ಣದ್ದಲ್ಲ. ಆ ಹುಡುಗಿ ಎಲ್ಲಿ ನಿಂತಿದ್ದಾಳೆ ನೋಡಿ.

ಮೇಘಾ: ನೀರಿನಲ್ಲಿ. ಪಾದವೂ ಪೂರ್ತಿ ಮುಳುಗಿಲ್ಲವಲ್ಲ ಮಾವ!

ಗಿರೀಶ: ಅಲ್ಲಿ ಹೊಳೆಗೆ ಇಳಿಯುವಂತಿಲ್ಲ. ಕಾಲುದಾರಿ ಹೊಳೆಗೆ ಅಡ್ಡಬಂದಲ್ಲಿ ದಾಟಬೇಕು, ಅಷ್ಟೆ. ಕೈಯಲ್ಲಿರುವ ಎಲೆಗಳನ್ನೂ ಅವಳು ಮನೆಗೆ ಒಯ್ಯುವಂತಿಲ್ಲ.

ವಸುಧಾ: ನಿನ್ನದು ಯಾವಾಗಲೂ ಅತಿ. ಮಗು ಕಾಲು ಒದ್ದೆ ಮಾಡಿಕೊಂಡರೆ ಕಣಿವೆಗೇನು ಗಂಡಾಂತರ?

ಗಿರೀಶ: ಅಕ್ಕ, ಎಲೆ ಕೆಂಪಾಗುವ ವಾರಾಂತ್ಯಗಳಲ್ಲಿ ಅಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದು ಕಷ್ಟ. ಅಷ್ಟೂ ಜನ ಒಂದು ಗೇಣು ನೀರಿಗೆ ಇಳಿದರೆ ಏನಾದೀತು? ಸುಣ್ಣಕಲ್ಲಿನ ಹೊಳೆ ಅದು. ಇಲ್ಲಿ ಕಲ್ಲಿನಡಿ ಇಂಗಿ, ಇನ್ನೆಲ್ಲೋ ಮೇಲೇಳುತ್ತದೆ. ನೀರು ತಿಳಿಯಾಗಿದ್ದಾಗ ತಳದಲ್ಲಿ ಮಲಗಿದ ಎಲೆಯ ಒಂದೊಂದು ನರವೂ ಕಾಣುತ್ತದೆ. ಅದರ ಮೇಲೆ ಟ್ರೌಟ್ ಮೀನಿನ ನೆರಳು ಸರಿದುಹೋಗುತ್ತದೆ. ಒಬ್ಬರು ಕಾಲಿಟ್ಟರೆ ಸಾಕು, ಎಲ್ಲ ಕದಡಿಹೋಗುತ್ತದೆ. ಹಿಂದೆ ಬರುವವರು ಏನು ನೋಡಬೇಕು?

ಶ್ರೀಧರ: ಉಪದೇಶ ಸಾಕು. ಎಷ್ಟು ನಡೆಯಬೇಕು, ಅದನ್ನು ಹೇಳು. ನನ್ನ ಮಂಡಿಯ ವಿಚಾರ ನಿನಗೆ ಗೊತ್ತಿದೆ.

ಗಿರೀಶ: ಪ್ರ್ಯಾಟ್ ಕ್ಯಾಬಿನ್‌ಗೆ ಹೋಗಿಬರಲು 4.8 ಮೈಲಿ, ಗ್ರಾಟೊ ಎಂಬ ಗುಹೆಯಂಥ ಬಂಡೆಯವರೆಗಾದರೆ 6.8. ಏರು ಹೆಚ್ಚಿಲ್ಲ, ಆದರೆ ಕಾಲಡಿ ಉರುಟುಗಲ್ಲು. ಆರಂಭದಲ್ಲಿ ಬರೀ ಬಿಸಿಲು, ಕಳ್ಳಿ, ಕತ್ತಾಳೆ. ಅಲ್ಲೇ ಬೇಸರಪಟ್ಟು ಹಿಂದಿರುಗಬೇಡಿ. ತಲೆಗೊಂದು ಗ್ಯಾಲನ್ ನೀರು ಹೊತ್ತುಕೊಳ್ಳಲೇಬೇಕು.

ವಸುಧಾ: ಕ್ಯಾಬಿನ್‌ನಿಂದಲೇ ಹಿಂದಿರುಗೋಣ.

ಗಿರೀಶ: ಅಲ್ಲಿಯವರೆಗೆ ಹೋಗಿ ಗ್ರಾಟೊ ಬಿಡುವುದೇ? ನಾನಂತೂ ಒಪ್ಪುವುದಿಲ್ಲ.

ಶ್ರೀಧರ: ನೀವು ಮುಂದೆ ಹೋಗಿ. ನಾನು ಕ್ಯಾಬಿನ್‌ ಜಗಲಿಯಲ್ಲಿ ಕುಳಿತಿರುತ್ತೇನೆ. ಯಾರ ಮನೆ ಅದು?

ಗಿರೀಶ: ವ್ಯಾಲೆಸ್ ಪ್ರ್ಯಾಟ್ ಎಂಬ ಭೂವಿಜ್ಞಾನಿ 1930ರ ದಶಕದಲ್ಲಿ ಕಟ್ಟಿಸಿದ ಕಲ್ಲಿನ ಮನೆ. ತೈಲ ಹುಡುಕುತ್ತ ಬಂದವನು ಕಣಿವೆಗೆ ಮನಸೋತು ಜಮೀನು ಕೊಂಡ, ಕೊನೆಗೆ ಅದನ್ನು ರಾಷ್ಟ್ರೀಯ ಉದ್ಯಾನಕ್ಕೆ ದಾನ ಕೊಟ್ಟ.

ಅಜ್ಜಿ: ಪುಣ್ಯಾತ್ಮ. ಜನಜಂಗುಳಿ ಎಂದೆಯಲ್ಲ, ಬುಧವಾರ ಹೋಗಬಾರದೇ?

ಮೇಘಾ: ನನಗೆ ಕಾಲೇಜು ಇದೆ ಅಜ್ಜಿ!

ಗಿರೀಶ: ಹಾಗಾದರೆ ಹಿಂದಿನ ರಾತ್ರಿಯೇ ಹತ್ತಿರದಲ್ಲಿ ಉಳಿದು, 8ಕ್ಕೆ ಗೇಟು ತೆರೆಯುವಾಗ ಅಲ್ಲಿರೋಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ, ಮರೆಯಬೇಡಿ. ಮತ್ತೆ ಭಾವ, ಆ ಕಾಲುದಾರಿಯಲ್ಲಿ ನಾಯಿಗೆ ಪ್ರವೇಶವಿಲ್ಲ.

ಶ್ರೀಧರ: ನಾಯಿ ಬರದಿದ್ದರೆ ನಾನೂ ಬರುವುದಿಲ್ಲ.

ವಸುಧಾ: ಬರುತ್ತಾರೆ. ನೀನು ಕೋಣೆ ಕಾಯ್ದಿರಿಸು.

ಮೇಘಾ: ಮಾವ, ದಡದಲ್ಲಿ ನಿಂತರೆ ಚಿತ್ರದಲ್ಲಿ ನೀರು ಕಾಣುತ್ತದೆಯೇ?