ತಾವಾಗೇ ಮಾನಸಿಕ ಆಸ್ಪತ್ರಿಗೆ ಅಡ್ಮಿಟ್ ಆದ್ರ ಹೆಂಗಿರ್ತೈತಿ? ಹೋಗಿ ಬಂದವ್ರು ಹೇಳ್ರಿ

ನಾ ಗದಗ ಕಡೆಯಾಕಿ. ಡಿಪ್ರೆಶನ್ ಗುಳಿಗಿ ನಡದಾವು, ಆದ್ರೂ ನಿದ್ದಿ ಇಲ್ಲ, ಊಟ ಸೇರವಲ್ದು. ಡಾಕ್ಟ್ರು ಎರಡು ವಾರ ಅಡ್ಮಿಟ್ ಆಗ್ರಿ, ಒತ್ತಾಯ ಇಲ್ಲ ಅಂದಾರ. ನಮ್ಮ ಅತ್ತಿ "ಸೊಸಿನ್ನ ಧಾರವಾಡದ ಮಾನಸಿಕ ಆಸ್ಪತ್ರಿಗೆ ಹಾಕಿದ್ರು ಅಂತಾರ ಊರಾಗ" ಅಂತ ಕುಂತಾರ. ನನಗ ಅದಕ್ಕಿಂತ ಅಂಜಿಕಿ ಏನಂದ್ರ, ಒಮ್ಮೆ ಸಹಿ ಮಾಡಿದ್ರ ಹೊರಗ ಬಿಡ್ತಾರೋ ಇಲ್ಲೋ?

——

ಬಿಡ್ತಾರ್ರಿ ಅಕ್ಕಾರ. ನಾ ಹುಬ್ಬಳ್ಳಿಯಾಂವ, ಹೋಗಿ ಬಂದಾಂವ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೀವಾಗೇ ಅಡ್ಮಿಟ್ ಆದ್ರ ಮನಿಯವ್ರ ಸಹಿ ಬೇಕಾಗಿಲ್ಲ, ಹೊಂಟೇನಿ ಅಂದ್ರ ಡಿಸ್ಚಾರ್ಜ್ ಕೊಡಬೇಕು. ಜೀವಕ್ಕ ಏನಾರ ಮಾಡ್ಕೊಂಡಾರು, ಬ್ಯಾರೆಯವ್ರಿಗೆ ಏನಾರ ಮಾಡ್ಯಾರು, ತಮ್ಮನ್ನ ತಾವು ನೋಡ್ಕೊಳ್ಳಾಕ ಆಗೂದಿಲ್ಲ, ಇಲ್ಲಾ ತಮ್ಮ ನಿರ್ಧಾರ ತಿಳಕೊಳ್ಳೂ ಸ್ಥಿತಿಯಾಗಿಲ್ಲ ಅನ್ನೂ ಅನುಮಾನ ಬಂದ್ರ ಮಾತ್ರ 24 ತಾಸಿನತನಕ ತಡದು ತಪಾಸಣಿ ಮಾಡಬಹುದು, ಅಷ್ಟ್ರಾಗ ಒಂದೋ ಬಿಡಬೇಕು ಇಲ್ಲಾ ನಿಮ್ಮ ಪ್ರತಿನಿಧಿ (ನಿಮ್ಮ ಪರವಾಗಿ ಮಾತಾಡಾಕ ನೀವ ಹೆಸರು ಕೊಟ್ಟವ್ರು) ಅರ್ಜಿ ಮ್ಯಾಲ ಬ್ಯಾರೆ ನಮೂನಿ ಅಡ್ಮಿಶನ್ ಮಾಡ್ಕೋಬೇಕು. ಆ ಪ್ರತಿನಿಧಿ ಯಾರು ಅಂತ ಈಗ ಚಲೋ ಇದ್ದಾಗನ ಒಂದು ಬಿಳಿ ಹಾಳಿ ಮ್ಯಾಲ ಬರದು ಸಹಿ ಮಾಡಿ ಇಡ್ರಿ. ಅತ್ತಿ ಬ್ಯಾಡಾದ್ರ ತಂಗಿ ಹೆಸರು ಬರೀರಿ, ಯಾರೂ ಕೇಳೂದಿಲ್ಲ. ಮತ್ತ ಫಾರ್ಮ್ 'ಇಂಡಿಪೆಂಡೆಂಟ್', ಅಂದ್ರ ತಾವಾಗೇ ಆಗೂ ಅಡ್ಮಿಶನ್ನಿಂದೋ ಅಲ್ಲೋ ಓದೇ ಸಹಿ ಹಾಕ್ರಿ, ಗಡಬಡಿ ಮಾಡಿದ್ರೂ ಓದ್ರಿ.

ಒಳಗ ಹೋದ ಕೂಡ್ಲೆ ಚೀಲ ಜಾಡಿಸಿ ನೋಡ್ತಾರ. ನಂದು ಬೆಲ್ಟು, ಬ್ಲೇಡು, ಚಾರ್ಜರ್ ವಾಯರು, ಮನಿಯಿಂದ ಒಯ್ದಿದ್ದ ಗುಳಿಗಿ ಎಲ್ಲಾ ತಗದಿಟ್ರು, ಪೈಜಾಮದ ಲಾಡಿನೂ ಬಿಡ್ಲಿಲ್ರಿ, ಎಲಾಸ್ಟಿಕ್ಕಿನವು ಒಯ್ರಿ. ರಾತ್ರಿ ಸಿಸ್ಟರ್ ಗುಳಿಗಿ ಕೈಯಾಗ ಕೊಟ್ಟು ನೀರು ಕುಡಿಸಿ "ನಾಲಗಿ ಎತ್ರಿ" ಅಂತ ಕೆಳಗ ನೋಡ್ತಿದ್ರು, ಮೊದಲ ಸಿಟ್ಟು ಬಂತು, ಆಮ್ಯಾಲ ರೂಢಿ ಆತು. ಶುರುವಿಗೆ ಬರೇ ನಿದ್ದಿ, ಬಾಯಿ ಒಣಗೂದು, ಮೋಷನ್ ಸರಿ ಆಗೂದಿಲ್ಲ, ಇದನ್ನ ನಾಚಿಕಿ ಬಿಟ್ಟು ರೌಂಡ್ಸಿನಾಗ ಹೇಳ್ರಿ. ಅದೇ ಕಥಿ ಕಲಿಯೂ ಡಾಕ್ಟ್ರಿಗೆ, ದೊಡ್ಡ ಡಾಕ್ಟ್ರಿಗೆ, ಸೈಕಾಲಜಿಸ್ಟ್‌ಗೆ ಮತ್ತ ಮತ್ತ ಹೇಳಬೇಕಾಗ್ತೈತಿ. ಒಳಗ ಖರೇ ತ್ರಾಸು ಅಂದ್ರ ಬ್ಯಾಸರಕಿ! ಮಧ್ಯಾಹ್ನ ಹೊತ್ತ ಹೋಗೂದಿಲ್ಲ, ಕೇರಂ ಬೋರ್ಡ್ ಮುಂದ ಪಾಳಿ.

——

ನಾ ಹಾವೇರಿ, ನಮ್ಮ ತಮ್ಮನ ಜೋಡಿ ವಾರ್ಡಿನಾಗ ಇದ್ದೆ. ನಮ್ಮ ಕಡೆ ಭಾಳಷ್ಟು ಓಪನ್ ವಾರ್ಡಿನಾಗ ಮನಿಯವ್ರೊಬ್ರು ಸಂಗಡ ಇರ್ಲೇಬೇಕಂತಾರ, ಅದನ್ನ ಮೊದಲ ಕೇಳ್ರಿ, ಯಾಕಂದ್ರ ಸುಗ್ಗಿ ಟೈಮಿನಾಗ ಎರಡು ವಾರ ಯಾರು ಕುಂದ್ರಬೇಕು. ಶೇಂಗಾ ಚಟ್ನಿ ಒಯ್ರಿ, ಆಸ್ಪತ್ರಿ ಸಾರಿಗೆ ಅದ ಗತಿ. ತಮ್ಮಗ ಇಸಿಟಿ, ಅಂದ್ರ ತಲಿಗೆ ಕರೆಂಟ್ ಕೊಡೂ ಚಿಕಿತ್ಸೆ, ಅಂದಾಗ ನಮ್ಮವ್ವ ಅತ್ತು ಕರದು ರಂಪ ಮಾಡಿದ್ಲು. ಅನಸ್ತೇಶಿಯಾ ಇಲ್ದ ಅದನ್ನ ಕೊಡೂಹಂಗಿಲ್ಲ ಅಂತ ಕಾಯ್ದೆನ ಐತಿ, ಅಂವಗ ಗೊತ್ತ ಆಗ್ಲಿಲ್ಲ. ಒಂದಿಷ್ಟು ದಿನ ಮರವು ಇತ್ತು, ನಾ ಬಂದದ್ದ ನೆನಪಿಲ್ಲ ಅಂತಿದ್ದ, ಆದ್ರ ರೊಟ್ಟಿ ಕೇಳಿ ತಿನ್ನಾಕ ಹತ್ತಿದ.

——

ಇನ್ಶೂರೆನ್ಸ್ ಇದ್ರ ಬಿಡಬ್ಯಾಡ್ರಿ, ಮಾನಸಿಕ ಕಾಯಿಲೆಗೂ ಮೈ ಕಾಯಿಲೆಗೆ ಕೊಟ್ಟಂಗ ಕೊಡಬೇಕಂತ ಅದೇ ಕಾಯ್ದೆದಾಗ ಐತಿ, ವೇಟಿಂಗ್ ಪೀರಿಯಡ್ (ಪಾಲಿಸಿ ತಗೊಂಡ ಮ್ಯಾಲ ಕ್ಲೇಮ್ ಸಿಗಾಕ ಕಾಯೂ ಅವಧಿ) ಅಷ್ಟ ನೋಡ್ಕೋರಿ. ಊರಾಗ ಯಾರಾರ ಕೇಳಿದ್ರ ಥೈರಾಯ್ಡ್ ಟೆಸ್ಟಿಗೆ ಹೋಗಿದ್ದೆ ಅನ್ರಿ, ಸುಳ್ಳೇನಲ್ಲ, ಅದನ್ನೂ ಮಾಡ್ತಾರ. ಅಡ್ಮಿಟ್ ಆಗೂಕಿಂತ ಮೊದಲ ರಾತ್ರಿ ಜೀವ ಭಾಳ ಚಡಪಡಿಸಿದ್ರ 14416ಕ್ಕ ಹಚ್ಚರಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.