ಜೆನಾನ್ ದೀಪ ಬಿಟ್ಟು ಲೇಸರ್ ಪ್ರೊಜೆಕ್ಟರ್: ಹಳೆಯ ಚಿತ್ರಮಂದಿರದಲ್ಲಿ ಏನೇನು ಗಮನಿಸಬೇಕು?

ಪ್ರಶ್ನೆ (ರಾಜಾಜಿನಗರ)

ನಮ್ಮ ಕುಟುಂಬದವರು ನಡೆಸುತ್ತಿರುವ ಏಕಪರದೆಯ ಚಿತ್ರಮಂದಿರದಲ್ಲಿ ಸದ್ಯ ಜೆನಾನ್ ದೀಪದ 2ಕೆ ಪ್ರೊಜೆಕ್ಟರ್ ಇದೆ. ದೀಪ ಬದಲಿಸುವ ಖರ್ಚು ತಡೆಯಲಾಗದೆ ಲೇಸರ್ ಯಂತ್ರ ಹಾಕಿಸಲು ಯೋಚಿಸುತ್ತಿದ್ದೇವೆ. ಪರದೆ 50 ಅಡಿ ಅಗಲದ್ದು. ತ್ರೀಡಿ ಚಿತ್ರಗಳಿಗೆಂದು ಹಾಕಿಸಿದ ಸಿಲ್ವರ್ ಸ್ಕ್ರೀನ್ (ಬೆಳ್ಳಿ ಬಣ್ಣದ ಲೇಪವಿರುವ ಪರದೆ). ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸುವುದು ಒಂದು ರಾತ್ರಿಯ ಕೆಲಸವೆಂದು ಮಾರಾಟಗಾರರು ಹೇಳುತ್ತಾರೆ. ರೀಲಿನ ಕಾಲದಿಂದಲೂ ನಮ್ಮಲ್ಲಿರುವ ಆಪರೇಟರ್ ಮಾತ್ರ ಇದಕ್ಕೆ ಒಪ್ಪುತ್ತಿಲ್ಲ. ಬದಲಾಯಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಮಲ್ಲೇಶ್ವರ)

ನಿಮ್ಮ ಆಪರೇಟರ್ ಹೇಳುವುದೇ ಸರಿ. ಮೊದಲು ಬೆಳಕಿನ ಲೆಕ್ಕ ಮಾಡಿ. 50 ಅಡಿ ಅಗಲದ ಸ್ಕೋಪ್ (ಎತ್ತರದ ಸುಮಾರು 2.39 ಪಟ್ಟು ಅಗಲವಿರುವ) ಚಿತ್ರದ ಎತ್ತರ ಸುಮಾರು 21 ಅಡಿ, ಅಂದರೆ ವಿಸ್ತೀರ್ಣ 1,050 ಚದರಡಿ. ಡಿಜಿಟಲ್ ಸಿನಿಮಾದ ಮಾನದಂಡದಂತೆ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಹೊಳಪು ಇರಬೇಕಾದ್ದರಿಂದ, ಸಾಮಾನ್ಯ ಬಿಳಿ ಪರದೆಗೆ ಯಂತ್ರದಿಂದ 14,700 ಲ್ಯೂಮೆನ್ ಬೆಳಕು ಬೇಕಾಗುತ್ತದೆ. ಸ್ಕೋಪ್ ಚಿತ್ರ, ಯಂತ್ರದೊಳಗೆ ಚಿತ್ರ ಮೂಡಿಸುವ ಚಿಪ್‌ನ 1,080 ಸಾಲುಗಳಲ್ಲಿ 858ನ್ನು ಮಾತ್ರ ಬಳಸುವುದರಿಂದ ಇದು 18,500ರ ಆಸುಪಾಸಿಗೆ ಏರುತ್ತದೆ. ಪ್ರೊಜೆಕ್ಷನ್ ಕೋಣೆಯ ಕಿಂಡಿಯ ಗಾಜು ತಿನ್ನುವ ಬೆಳಕು, ಯಂತ್ರ ಹಳತಾದಂತೆ ಕುಗ್ಗುವ ಬೆಳಕು ಬೇರೆ.

ಸಿಲ್ವರ್ ಸ್ಕ್ರೀನ್ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆಯೆಂದು ಕಡಿಮೆ ಲ್ಯೂಮೆನ್‌ನ ಯಂತ್ರವನ್ನು ನಿಮಗೆ ಒಪ್ಪಿಸಲು ನೋಡಬಹುದು. ಅದು ನಡುವಿನ ಸೀಟಿನವನ ಲೆಕ್ಕ. ಬದಿಯ ಸೀಟಿನವನಿಗೆ ಅದೇ ಚಿತ್ರ ಮಂಕಾಗಿಯೇ ಕಾಣುತ್ತದೆ. ಅಲ್ಲದೆ ಆರ್‌ಜಿಬಿ (ಕೆಂಪು, ಹಸಿರು, ನೀಲಿಗೆ ಬೇರೆಬೇರೆ) ಲೇಸರ್ ಆದರೆ ಅಂಥ ಪರದೆಯ ಮೇಲೆ ಮರಳು ಚೆಲ್ಲಿದಂತಹ ಮಿನುಗು ಎದ್ದು ಕಾಣುತ್ತದೆ. ಹಳೆಯ ಲೆನ್ಸ್ ಹೊಸ ಯಂತ್ರಕ್ಕೆ ಕೂರುವುದೇ ಎಂದೂ ಕೇಳಿ. ಚಿಪ್‌ನ ಅಳತೆ ಬದಲಾದರೆ ಕೂರುವುದಿಲ್ಲ.

ಉತ್ತರ (ಗಾಂಧಿನಗರ)

ನಾವು ಎಡವಿದ್ದು ಕೆಡಿಎಂ, ಅಂದರೆ ಚಿತ್ರದ ಬೀಗ ತೆರೆಯುವ ಡಿಜಿಟಲ್ ಕೀಲಿಯ ವಿಷಯದಲ್ಲಿ. ಬುಧವಾರ ರಾತ್ರಿ ಯಂತ್ರ ಕೂರಿಸಿದೆವು, ಗುರುವಾರ ಟ್ರೇಲರ್ ಓಡಿಸಿ ನೋಡಿ ಸಂತೋಷಪಟ್ಟೆವು. ಶುಕ್ರವಾರ ಬೆಳಗಿನ ಆಟಕ್ಕೆ ಚಿತ್ರ ತೆರೆದುಕೊಳ್ಳಲೇ ಇಲ್ಲ. ಕೀಲಿಯನ್ನು, ಬೀಗ ಬಿಡಿಸಿ ಚಿತ್ರ ಓಡಿಸುವ ಪ್ರತಿಯೊಂದು ಮೀಡಿಯಾ ಬ್ಲಾಕ್‌ನ ಡಿಜಿಟಲ್ ಪ್ರಮಾಣಪತ್ರಕ್ಕೆ ಹೊಂದಿಸಿಯೇ ತಯಾರಿಸುತ್ತಾರೆ. ನಮಗೆ ಬಂದಿದ್ದ ಕೀಲಿ ಮೂಲೆಗೆ ಸೇರಿದ್ದ ಹಳೆಯ ಯಂತ್ರದ್ದು. ಟ್ರೇಲರ್‌ಗೆ ಕೀಲಿ ಬೇಕಿರಲಿಲ್ಲವಾದ್ದರಿಂದ ತಪ್ಪು ಗೊತ್ತಾಗಲಿಲ್ಲ. ಸರ್ವರ್‌ನಲ್ಲಿ ಚಿತ್ರವಿದೆ, ಕೆಳಗೆ ಜನ ಶಿಳ್ಳೆ ಹೊಡೆಯುತ್ತಿದ್ದಾರೆ, ನಾವು ಫೋನ್ ಹಿಡಿದು ಇಮೇಲ್ ಕಾಯುತ್ತಿದ್ದೇವೆ. ಹೊಸ ಪ್ರಮಾಣಪತ್ರವನ್ನು ವಿತರಕರಿಗೆ ವಾರ ಮೊದಲೇ ಕಳುಹಿಸಿ, ಕೀಲಿಯಿರುವ ಚಿತ್ರವನ್ನೇ ಓಡಿಸಿ ಪರೀಕ್ಷಿಸಿ. ದೊಡ್ಡ ಚಿತ್ರ ಬಿಡುಗಡೆಯಾಗುವ ವಾರ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಉತ್ತರ (ಜಯನಗರ)

ಪ್ರೊಜೆಕ್ಷನ್ ಕೋಣೆಯ ಎಸಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೆನಾನ್ ದೀಪದ ಬಿಸಿಯನ್ನು ಕೊಳವೆ ಹೊರಗೆ ಸಾಗಿಸುತ್ತಿತ್ತು. ಅನೇಕ ಲೇಸರ್ ಯಂತ್ರಗಳು ಆ ಬಿಸಿಯನ್ನು ಕೋಣೆಗೇ ಬಿಡುತ್ತವೆ. ಧೂಳಿನ ಕಡೆಗೂ ಗಮನವಿರಲಿ: ಮೆಟ್ರೋ ಕಾಮಗಾರಿಯ ಪಕ್ಕದಲ್ಲಿರುವ ನಮ್ಮಲ್ಲಿ ಯಂತ್ರದ ಫಿಲ್ಟರ್ ತೆಗೆದು ತಟ್ಟಿದರೆ ಅಂಗೈ ಕೆಂಪಾಗುವಷ್ಟು ಧೂಳು ಉದುರುತ್ತದೆ.

ನೀಲಿ ಲೇಸರ್ ಬಿದ್ದಾಗ ಬೆಳಗುವ ಫಾಸ್ಫರ್ ಲೇಪವನ್ನು ಬಳಸುವ ಫಾಸ್ಫರ್ ಲೇಸರ್‌ಗೆ 20,000 ಗಂಟೆ ಆಯಸ್ಸು ಎಂದರೆ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಅವಧಿ. ದಿನಕ್ಕೆ ನಾಲ್ಕು ಆಟಗಳಿಗೆ 12 ಗಂಟೆಯೆಂದರೂ ಅದು ನಾಲ್ಕೂವರೆ ವರ್ಷ. ದೀಪ ಕೆಟ್ಟರೆ ಆಟವೇ ನಿಲ್ಲುತ್ತದೆ, ಆದ್ದರಿಂದ ಬದಲಿಸುತ್ತೇವೆ. ಲೇಸರ್ ದಿನಕ್ಕಿಷ್ಟು ಮಂಕಾಗುತ್ತಾ ಹೋಗುವುದರಿಂದ ದಿನವೂ ನೋಡುವ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಪ್ರತಿ ತಿಂಗಳೂ ಮೀಟರ್ ಹಿಡಿದು ಅಳೆದು ಬರೆದಿಡುವವರೊಬ್ಬರು ಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಕೊನೆಯ ಆಟ ಮುಗಿದ ಮೇಲೆ ಮೀಟರ್ ಎರವಲು ತಂದು ಪರದೆ ತುಂಬ ಬಿಳಿ ಬೆಳಕು ಬೀಳಿಸಿ ನೋಡಿದೆವು. ನಡುವಿನ ಸೀಟಿನಿಂದ 13 ಫುಟ್-ಲ್ಯಾಂಬರ್ಟ್ ಬಂದರೆ, ಬದಿಯ ಸಾಲಿನಿಂದ ಪರದೆಯ ಅದೇ ಜಾಗಕ್ಕೆ ಹಿಡಿದಾಗ 5 ಕೂಡ ಬರಲಿಲ್ಲ. ಆಪರೇಟರ್ ಏನೂ ಹೇಳದೆ ಅಂಕಿಗಳನ್ನು ಲಾಗ್‌ಬುಕ್ಕಿನಲ್ಲಿ ಬರೆದುಕೊಂಡರು. ತ್ರೀಡಿ ಚಿತ್ರಗಳು ನಮ್ಮಲ್ಲಿ ಬರುವುದೇ ಅಪರೂಪವಾದ್ದರಿಂದ ಮೊದಲು ಬಿಳಿ ಪರದೆ ಹಾಕಿಸಿ, ಯಂತ್ರದ ಮಾತನ್ನು ಆಮೇಲೆ ಆಡುವುದೆಂದು ಅಪ್ಪಾಜಿಯೂ ಒಪ್ಪಿದ್ದಾರೆ.