29 ಜಿಬಿ ಖಾಲಿ ಇದ್ದರೂ ಪೆನ್‌ಡ್ರೈವ್‌ಗೆ ಒಂದು ಫೈಲ್ ಹೋಗ್ತಿಲ್ಲ

ಪ್ರಶ್ನೆ | ಕಡತಗಂಟು
32 ಜಿಬಿ ಪೆನ್‌ಡ್ರೈವ್, 29 ಜಿಬಿ ಖಾಲಿ. 6.5 ಜಿಬಿಯ ಒಂದು ವಿಡಿಯೊ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅಂತ ವಿಂಡೋಸ್ ತಡೆಯುತ್ತೆ. ಫೋಟೊ, ಪಿಡಿಎಫ್ ಸಲೀಸಾಗಿ ಹೋಗುತ್ತವೆ. ಮ್ಯಾಕ್, ಲಿನಕ್ಸ್ ಎರಡರಲ್ಲೂ ಇದೇ ಡ್ರೈವ್ ಬಳಸಬೇಕು. ಜೊತೆಗೆ, ಲಿನಕ್ಸ್‌ನಲ್ಲಿ ಕಾಪಿ 100% ಆದ ಮೇಲೆ ಕಿತ್ತರೂ ಕೆಲವು ಫೈಲ್ ತೆರೆಯಲ್ಲ. ಡ್ರೈವ್ ಕೆಟ್ಟಿದೆಯಾ?

ಉತ್ತರ | ಬಿಟ್‌ಬೈಟ್
ಡ್ರೈವ್ ಫ್ಯಾಟ್32 ಅನ್ನೋ ಫೈಲ್ ಸಿಸ್ಟಮ್‌ನಲ್ಲಿ (ಫೈಲುಗಳನ್ನು ಜೋಡಿಸಿಡೋ ವಿಧಾನ) ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಫೈಲಿನ ಗಾತ್ರ ಬರೆದಿಡಲು ಇರೋದು 32 ಬಿಟ್ ಮಾತ್ರ, ಹಾಗಾಗಿ ಒಂದು ಫೈಲ್ 4,29,49,67,295 ಬೈಟ್ ದಾಟುವಂತಿಲ್ಲ, ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಖಾಲಿ ಜಾಗಕ್ಕೂ ಇದಕ್ಕೂ ಸಂಬಂಧ ಇಲ್ಲ.

ಒಳಗಿರೋದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಫಾರ್ಮ್ಯಾಟ್ ಎಲ್ಲ ಅಳಿಸುತ್ತೆ. ಆಮೇಲೆ ಡ್ರೈವ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಫೈಲ್ ಸಿಸ್ಟಮ್‌ನಲ್ಲಿ ಎಕ್ಸ್‌ಫ್ಯಾಟ್ ಆರಿಸಿ, ಅದಕ್ಕೆ ಈ 4 ಜಿಬಿ ಮಿತಿ ಇಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೇಡ: ಮ್ಯಾಕ್ ಅದನ್ನು ಓದುತ್ತೆ, ತಾನಾಗಿ ಬರೆಯಲ್ಲ. ಎಕ್ಸ್‌ಫ್ಯಾಟ್‌ಗೆ ಲಿನಕ್ಸ್ ಕರ್ನಲ್ 5.7ರಿಂದ ಒಳ್ಳೆಯ ಡ್ರೈವರ್ ಒಳಗೇ ಇದೆ.

ಉತ್ತರ | ಸಿಂಕ್_ಮಾಡಿ
ಎರಡನೇ ತೊಂದರೆಗೆ ಡ್ರೈವ್ ಕಾರಣ ಅಲ್ಲದಿರಬಹುದು. 100% ಅಂದರೆ ಡೇಟಾ ರ‍್ಯಾಮ್‌ನ ಕ್ಯಾಶ್‌ಗೆ (ತಾತ್ಕಾಲಿಕ ಜಾಗಕ್ಕೆ) ಸೇರಿತು ಅಂತಷ್ಟೇ. ಪೆನ್‌ಡ್ರೈವ್‌ಗೆ ಬರೆಯೋದು ಹಿಂದಿನಿಂದ ನಡೀತಾನೇ ಇರುತ್ತೆ, ಡ್ರೈವ್ ನಿಧಾನದ್ದಾದರೆ ಇನ್ನೂ ನಿಮಿಷಗಟ್ಟಲೆ. ಟರ್ಮಿನಲ್‌ನಲ್ಲಿ ಸಿಂಕ್ (sync) ಅಂತ ಕೊಡಿ, ಬಾಕಿ ಇರೋದನ್ನೆಲ್ಲ ಡ್ರೈವ್‌ಗೆ ಬರೆಯುತ್ತೆ. ಪ್ರಾಂಪ್ಟ್ ವಾಪಸ್ ಬಂದ ಮೇಲೆ ಅನ್‌ಮೌಂಟ್ ಮಾಡಿ, ಆಮೇಲೆ ಕೀಳಿ. ವಿಂಡೋಸ್ 10ರ 1809 ಆವೃತ್ತಿಯಿಂದ 'ಕ್ವಿಕ್ ರಿಮೂವಲ್' (ಇಜೆಕ್ಟ್ ಮಾಡದೆಯೂ ಕೀಳಲು ಬಿಡುವ ವ್ಯವಸ್ಥೆ) ಡೀಫಾಲ್ಟ್, ಆದರೂ ಇಜೆಕ್ಟ್ ಮಾಡೋದನ್ನ ಬಿಡಬೇಡಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ) ಇಲ್ಲ. ಬರೆಯುವಾಗ ಕಿತ್ತರೆ ಹಳೇ ಫೈಲುಗಳೂ ಹೋಗಬಹುದು.

ಮುಖ್ಯವಾದ ಫೈಲ್ ಆದರೆ ಮೂಲ ಮತ್ತು ಕಾಪಿ ಎರಡೂ ಕಡೆ ಎಸ್‌ಎಚ್‌ಎ256 ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿ. ಡ್ರೈವ್ ಕಿತ್ತು ಮತ್ತೆ ಹಾಕಿದ ಮೇಲೇ ಹ್ಯಾಷ್ ತೆಗೀಬೇಕು. ಕಾಪಿ ಆದ ಕೂಡಲೇ ತೆಗೆದರೆ ಡ್ರೈವ್ ಬದಲು ರ‍್ಯಾಮ್‌ನಲ್ಲಿರೋ ಪ್ರತಿಯನ್ನೇ ಓದಿ 'ಸರಿ ಇದೆ' ಅನ್ನಿಸಿಬಿಡುತ್ತೆ.

ಕಡತಗಂಟು
ಟಿವಿಗೂ ಹಾಕಬೇಕು. ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ?

ಬಿಟ್‌ಬೈಟ್
ಆಗ ಫ್ಯಾಟ್32 ಬಿಟ್ಟು ದಾರಿ ಇಲ್ಲ. ವಿಡಿಯೊವನ್ನು ತಲಾ 4 ಜಿಬಿಗಿಂತ ಕಡಿಮೆಯ ಎರಡು ಭಾಗ ಮಾಡಿ. 7-ಜಿಪ್‌ನಿಂದ ತುಂಡು ಮಾಡಿದರೆ ಟಿವಿಯಲ್ಲಿ ಓಡಲ್ಲ, ಅದು ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸೋಕೆ ಮಾತ್ರ. ಎಂಕೆವಿ ಟೂಲ್‌ನಿಕ್ಸ್‌ನಲ್ಲಿ ಸ್ಪ್ಲಿಟ್ ಆಯ್ಕೆ ಇದೆ, ಮರು ಎನ್‌ಕೋಡ್ ಇಲ್ಲದೆ ಕತ್ತರಿಸುತ್ತೆ.

ಉತ್ತರ | ಚಿಪ್‌ನೋಟ
ಸಿಂಕ್ ಮಾಡಿ, ಅನ್‌ಮೌಂಟ್ ಮಾಡಿದ ಮೇಲೂ ಫೈಲ್ ಕೆಟ್ಟರೆ ನಕಲಿ ಸಾಮರ್ಥ್ಯದ ಡ್ರೈವ್ ಇರಬಹುದು. ಒಳಗಿನ ಚಿಪ್ 8 ಜಿಬಿ, ಕಂಟ್ರೋಲರ್ ಹೇಳೋದು 32. ಅಸಲಿ ಜಾಗ ಮುಗಿದ ಮೇಲೆ ಬರೆದದ್ದು ಹಳೇದರ ಮೇಲೆ ಬೀಳುತ್ತೆ ಅಥವಾ ಎಲ್ಲೂ ಉಳಿಯಲ್ಲ, ಹೆಸರು ಮಾತ್ರ ಕಾಣುತ್ತೆ. ಖಾಲಿ ಡ್ರೈವ್ ಮೇಲೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಓಡಿಸಿ. ಪೂರ್ತಿ ತುಂಬಿ ಮತ್ತೆ ಓದಿ ನೋಡುತ್ತವೆ. 32ರ ಬದಲು 29.8 ಜಿಬಿ ಕಂಡರೆ ಗಾಬರಿ ಬೇಡ, ತಯಾರಕರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ.